ಪರದೆಯ ಮೇಲಿನ ಎರಡು ಬೆನ್ನು

ಕೈಲಾಗದವನು ತೆಗೆದ ಕೆಟ್ಟ ಸಿನಿಮಾ ನೋಡಿದರೆ ಬೈದುಕೊಂಡು ಮರೆತುಬಿಡಬಹುದು. ದೊಡ್ಡವನು ತೆಗೆದ ಕೆಟ್ಟ ಸಿನಿಮಾ ಹಾಗಲ್ಲ. ಅದು ಹಳಸಿದ ಸಾರಿನ ಹಾಗೆ; ಬಾಯಿ ಎಷ್ಟು ಮುಕ್ಕಳಿಸಿದರೂ ನಾಲಿಗೆಯ ಹಿಂಭಾಗದಲ್ಲಿ ಕೂತೇ ಇರುತ್ತದೆ. ಹೋದ ವರ್ಷ ಅಂಥದೊಂದು ನೋಡಿದೆ. ಅದರ ರುಚಿ ಇನ್ನೂ ಹೋಗಿಲ್ಲ. ಹೋಗದಿರುವುದಕ್ಕೆ ಆ ಸಿನಿಮಾ ಒಂದೇ ಕಾರಣವಲ್ಲ, ನಾನೂ ಕಾರಣ.

ನಿರ್ದೇಶಕರ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರು ಅವರ ಮೇಲೆ ಸಿಟ್ಟಾಗುತ್ತಾರೆ, ನನ್ನನ್ನು ಬಿಟ್ಟುಬಿಡುತ್ತಾರೆ. ಅದು ಆಗಬಾರದು.

ನಾನು ದೊಡ್ಡಬಳ್ಳಾಪುರದವನು. ಎಸ್ಸೆಸ್ಸೆಲ್ಸಿ ಮುಗಿಸಿ ಮಗ್ಗಕ್ಕೆ ನಿಂತವನು, ಮೊಣಕಾಲು ಸವೆಯುವ ತನಕ ಪವರ್‌ಲೂಮ್ ಓಡಿಸಿದವನು. ಆ ಸದ್ದಿನಲ್ಲಿ ಬದುಕಿದ ನಮ್ಮ ಬೀದಿಯ ಗಂಡಸರೆಲ್ಲ ಜೋರಾಗಿ ಮಾತಾಡುತ್ತೇವೆ, ಅರ್ಧ ಕೇಳಿಸಿಕೊಳ್ಳುತ್ತೇವೆ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಈ ಕಿವಿಯನ್ನೇ ನಾನು ಒಂದು ಸುಳ್ಳಿಗೆ ಉಪಯೋಗಿಸಿಕೊಂಡೆ.

ನನಗೊಬ್ಬ ಗೆಳೆಯ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿ: ಲೈನಿಂಗ್ ಬಟ್ಟೆ, ಗುಂಡಿ, ಸೀರೆಗೆ ಹೊಲಿಯುವ ಫಾಲ್ಸು. ಮುಸಲ್ಮಾನರ ಮನೆ, ಒಳಗೆ ದಖನಿ ಮಾತು, ಹೊರಗೆ ಕನ್ನಡ. ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಕನ್ನಡ ಮೇಷ್ಟ್ರು ಪದ್ಯ ಓದಿಸಬೇಕಾದರೆ ಎಬ್ಬಿಸುತ್ತಿದ್ದದ್ದು ಅವನನ್ನು. ನನ್ನನ್ನು ಎಬ್ಬಿಸಿದ್ದು ಕಿಟಕಿ ಮುಚ್ಚುವುದಕ್ಕೆ ಮಾತ್ರ. ನಾವಿಬ್ಬರೂ ಜೊತೆಯಾಗಿದ್ದದ್ದು ಸಿನಿಮಾದಿಂದ, ಅದರಲ್ಲೂ ಈ ನಿರ್ದೇಶಕರಿಂದ. ಅವರ ಸಿನಿಮಾ ಬಂದರೆ ನಾನು ಮಗ್ಗ ನಿಲ್ಲಿಸುತ್ತಿದ್ದೆ, ಅವನು ಅಂಗಡಿ ಷಟರ್ ಅರ್ಧ ಎಳೆಯುತ್ತಿದ್ದ. ಹೆಸರು ತೋರಿಸುವುದು ಮುಗಿದು ಪರದೆ ಕಪ್ಪಾಗುವ ತನಕ ಎದ್ದು ಬರಬಾರದು ಎನ್ನುವುದು ನಮ್ಮ ಕಟ್ಟಳೆ.

ನಮ್ಮಿಬ್ಬರಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ, ಆ ನಿರ್ದೇಶಕರು ಆವತಿ ಬೆಟ್ಟದ ಕೆಳಗೆ ಒಂದು ಸಂತೆಯ ದೃಶ್ಯ ತೆಗೆಯಲು ಬಂದರು. ಸುದ್ದಿ ಕೇಳಿ ನಾವು ಒಂದೇ ಸೈಕಲ್‌ನಲ್ಲಿ ಹೋದೆವು. ಏರಿನಲ್ಲಿ ಒಬ್ಬ ಇಳಿದು ತಳ್ಳುವುದು, ಇಳಿಜಾರಿನಲ್ಲಿ ಇಬ್ಬರೂ ಕೂರುವುದು. ತಲೆಗೆ ಟವೆಲು ಸುತ್ತಿಕೊಂಡು ಬಿಸಿಲಿನಲ್ಲಿ ನಿಂತಿದ್ದ ಆ ಮನುಷ್ಯ ನಮ್ಮನ್ನು ನೋಡಿ, "ಬನ್ರಪ್ಪಾ, ನೀವಿಬ್ರೂ ಈ ಕಡೆ ಬೆನ್ನು ಮಾಡಿ ನಿಂತ್ಕೊಳಿ. ನಾನು ಕೈ ತೋರಿಸ್ದಾಗ ನಗಬೇಕು" ಅಂದರು. ನಿಂತೆವು. ನಕ್ಕೆವು. ಸಿನಿಮಾ ಬಂದಾಗ ನಮ್ಮ ಬೆನ್ನು ಪರದೆಯ ಮೇಲಿತ್ತು.

ಆ ಸಿನಿಮಾ ದೊಡ್ಡ ಹೆಸರು ಮಾಡಿತು. ಹೆಸರಿಗೆ ತಕ್ಕ ಸಿನಿಮಾ. ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಬತ್ತಿದ ಕೆರೆಯಂಗಳದಲ್ಲಿ ಲಾಟೀನು ಹಿಡಿದು ನಡೆಯುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಲಾಟೀನಿನ ಹಿಡಿ ಕಿರುಗುಟ್ಟುವ ಸದ್ದು ಅಷ್ಟೇ. ನಮ್ಮ ಊರಿನ ಟೆಂಟಿನಲ್ಲಿ ಆ ಹೊತ್ತಿನಲ್ಲಿ ಒಬ್ಬರೂ ಕೆಮ್ಮುತ್ತಿರಲಿಲ್ಲ. ನಾನು ಜೀವನದಲ್ಲಿ ಏನಾದರೂ ದೊಡ್ಡದನ್ನು ಹತ್ತಿರದಿಂದ ನೋಡಿದ್ದೇನೆ ಎಂದರೆ ಅದು ಆ ಲಾಟೀನು.

ನಮ್ಮ ಬೆನ್ನಿನ ವಿಷಯ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಮದುವೆಯಾದಾಗ ಹೆಂಡತಿಗೆ ಹೇಳಿದೆ, ಮಕ್ಕಳಿಗೆ ಹೇಳಿದೆ, ಬೀಗರಿಗೆ ಹೇಳಿದೆ. ಹೇಳುವಾಗಲೆಲ್ಲ ಗೆಳೆಯನನ್ನು ರೇಗಿಸುತ್ತಿದ್ದೆ. ಯಾಕೆಂದರೆ ಆ ದೃಶ್ಯದಲ್ಲಿ ನನ್ನ ಬೆನ್ನು ನಗುವಿಗೆ ಕುಣಿಯುತ್ತದೆ. ಅವನದು ಅಲುಗಾಡುವುದೇ ಇಲ್ಲ.

"ಅಷ್ಟು ದೊಡ್ಡ ಮನುಷ್ಯ ನಗು ಅಂದ್ರೆ ಲೈಟ್ ಕಂಬ ನಿಂತಂಗೆ ನಿಂತಿದ್ದೀಯಲ್ಲೋ. ನಿಂಗೆ ನಟನೆ ಬರಲ್ಲ ಬಿಡು."

"ಬರಲ್ಲ ಕಣೋ," ಅನ್ನುತ್ತಿದ್ದ ಅವನು. ಯಾವಾಗಲೂ ಅಷ್ಟೇ ಮಾತು. ಆಮೇಲೆ ಗಿರಾಕಿಯ ಕಡೆ ತಿರುಗುತ್ತಿದ್ದ.

ಅದಾದ ಮೇಲೆ ಆ ನಿರ್ದೇಶಕರು ಇನ್ನೂ ಕೆಲವು ಒಳ್ಳೆಯ ಸಿನಿಮಾ ತೆಗೆದರು. ಆಮೇಲೆ ಏನೋ ಆಯಿತು. ವಯಸ್ಸೋ, ಹೊಗಳಿಕೆಯೋ, ಸುತ್ತ ಸೇರಿದ ಜನವೋ ನನಗೆ ತಿಳಿಯದು. ಒಂದು ಸಿನಿಮಾ ಸಪ್ಪೆ ಬಂತು. ಇನ್ನೊಂದು ಬಂತು, ಅದರಲ್ಲಿ ನಾಯಕ ಪ್ರತಿ ಹತ್ತು ನಿಮಿಷಕ್ಕೆ ಒಮ್ಮೆ ಭಾಷಣ ಮಾಡಿದ. ಪ್ರತಿ ಸಲವೂ ಗೆಳೆಯ ಹೊರಗೆ ಬಂದು ಮುಖ ಸಿಂಡರಿಸಿ, "ಹೆಂಗಿತ್ತು ಹೇಳು" ಅನ್ನುತ್ತಿದ್ದ. ನಾನು ಪ್ರತಿ ಸಲವೂ "ಒಂದ್ಸಲ ನೋಡ್ಬೋದು" ಅನ್ನುತ್ತಿದ್ದೆ. ನಮ್ಮ ಕಡೆ ಸಿನಿಮಾ ನೋಡುವವರಿಗೆಲ್ಲ ಈ ಮಾತಿನ ಅರ್ಥ ಗೊತ್ತು. ಚೆನ್ನಾಗಿಲ್ಲ, ಆದರೆ ಹಾಗೆ ಹೇಳಲು ನನಗೆ ಧೈರ್ಯವಿಲ್ಲ ಅಂತ ಅರ್ಥ.

ಹೋದ ವರ್ಷ ಅವರ ಹೊಸ ಸಿನಿಮಾ ಬಂತು. ಬಹುಶಃ ಕೊನೆಯದು. ಗೆಳೆಯನಿಗೆ ಕಣ್ಣಿನ ಪೊರೆ ತೆಗೆದಿದ್ದರು, ಹೊಗೆ ಧೂಳಿಗೆ ಬರಬಾರದು ಎಂದಿದ್ದರು. "ನೀ ನೋಡ್ಕೊಂಡ್ ಬಂದ್ ಹೇಳು, ಆಮೇಲೆ ಇಬ್ರೂ ಹೋಗೋಣ" ಅಂದ. ಮೊದಲ ದಿನ ಮೊದಲ ಆಟಕ್ಕೆ ಒಬ್ಬನೇ ಹೋದೆ.

ಏನು ಹೇಳಲಿ. ಲಾಟೀನಿನ ಸದ್ದು ಕೇಳಿಸಿದ ಕೈಯೇ ಇದನ್ನು ತೆಗೆದದ್ದು ಅಂತ ನಂಬಲು ಆಗಲಿಲ್ಲ. ಅರವತ್ತರ ನಾಯಕನಿಗೆ ಕಡುಗಪ್ಪು ವಿಗ್ಗು. ಹಣೆಯ ಹತ್ತಿರ ಅಂಟು ಕಾಣುತ್ತಿತ್ತು. ಅವನನ್ನು ಪ್ರೀತಿಸುವವಳಿಗೆ ನನ್ನ ಮೊಮ್ಮಗಳ ವಯಸ್ಸು. ಮುದುಕ ಅವಳ ಸೊಂಟಕ್ಕೆ ಕೈ ಹಾಕಿದಾಗ ನಾನು ಪರದೆ ಬಿಟ್ಟು ಪಕ್ಕದ ಗೋಡೆ ನೋಡಿದೆ. ಹಳ್ಳಿಯನ್ನು ಆಕಾಶದಿಂದ ತೋರಿಸುತ್ತಾರೆ, ಮತ್ತೆ ಆಕಾಶದಿಂದ ತೋರಿಸುತ್ತಾರೆ, ಒಂದು ಸಲವೂ ಅದರ ಓಣಿಗೆ ಇಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ಮಾಡಿದ ಹೋರಿಯೊಂದು ಓಡಿಬಂತು. ಅದರ ಕಾಲು ನೆಲಕ್ಕೆ ತಾಗುತ್ತಲೇ ಇರಲಿಲ್ಲ. ರೈತ ಸಾಯುವ ಹೊತ್ತಿನಲ್ಲೂ ಹಿಂದೆ ಸಿಮೆಂಟಿನ ಜಾಹೀರಾತು. ನನಗೆ ಹೊಟ್ಟೆ ತೊಳೆಸಿದಂತಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಗೊರಕೆ ಹೊಡೆಯುತ್ತಿದ್ದರು.

ಆಗ ಒಂದು ಪಾತ್ರ ಬಂತು. ಗುಜರಿ ಅಂಗಡಿಯ ಸಾಬಿ. ಬಣ್ಣದ ಲುಂಗಿ, ಕಣ್ಣಿಗೆ ಒಂದು ಬೊಗಸೆ ಕಾಡಿಗೆ. ಖಳನಾಯಕ ಮಚ್ಚು ತೋರಿಸುತ್ತಾನೆ, ಇವನು ನಡುಗುತ್ತಾ, "ನಮ್ದುಕೆ ಭಯ ಆಗ್ತೈತೆ ಸಾಮಿ, ನಿಮ್ದುಕೆ ಕಾಲು ನಾವು ಹಿಡಿತಾನೆ" ಅನ್ನುತ್ತಾನೆ. ಲುಂಗಿ ಒದ್ದೆಯಾಗುತ್ತದೆ. ಥಿಯೇಟರು ಎದ್ದು ಕೂತಿತು. ಗೊರಕೆಯವನೂ ನಕ್ಕ. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಬ್ಬ, ನಮ್ಮವರ ಸಿನಿಮಾದಲ್ಲಿ ಇನ್ನೂ ಜೀವ ಇದೆ ಅಂತ ಸಮಾಧಾನವಾಯಿತು.

ಹೊರಗೆ ಬಂದಾಗ ಫೋನು ಹಿಡಿದ ಯೂಟ್ಯೂಬಿನವನೊಬ್ಬ ಮುಖಕ್ಕೆ ಮೈಕ್ ಒಡ್ಡಿದ. "ಯಜಮಾನ್ರೇ, ಹೆಂಗಿದೆ ಸಿನಿಮಾ?" ನಿಜ ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಆದರೆ ಆ ನಿರ್ದೇಶಕರ ಹೆಸರು ಕೆಡುತ್ತದಲ್ಲ, ಅವರ ಸಿನಿಮಾದಲ್ಲಿ ನನ್ನ ಬೆನ್ನಿದೆಯಲ್ಲ! "ಒಂದ್ಸಲ ನೋಡ್ಬೋದಪ್ಪ, ಕಾಮಿಡಿ ಸೂಪರ್" ಅಂದೆ. "ಯಾವ ಕಾಮಿಡಿ ತಾತ, ಒಂದು ಡೈಲಾಗ್ ಹೊಡೀರಿ" ಅಂದ. ಹೊಡೆದೆ. ಪಂಚೆಯನ್ನು ಲುಂಗಿಯ ಹಾಗೆ ಎತ್ತಿ ಹಿಡಿದು, ಮಂಡಿ ನಡುಗಿಸಿ, ಮಗ್ಗದ ಮುಂದೆ ಕೂಗುವ ದನಿಯಲ್ಲಿ, "ನಮ್ದುಕೆ ಭಯ ಆಗ್ತೈತೆ ಸಾಮಿ!" ಸುತ್ತ ನಿಂತಿದ್ದವರು ಶಿಳ್ಳೆ ಹಾಕಿದರು. ಇನ್ನೊಂದು ಸಲ ಅಂದರು. ಇನ್ನೊಂದು ಸಲವೂ ಹೇಳಿದೆ.

ಗೆಳೆಯನ ಅಂಗಡಿಗೆ ಹೋದದ್ದು ನಾಲ್ಕು ದಿನ ಬಿಟ್ಟು. ಕಪ್ಪು ಕನ್ನಡಕ ಹಾಕಿಕೊಂಡು ಗಲ್ಲಾದ ಹಿಂದೆ ಕೂತಿದ್ದ. ದಿನವೂ ನಾನು ಹೋದರೆ ಕಾಲಿನಿಂದ ಸ್ಟೂಲು ತಳ್ಳಿ "ಕೂತ್ಕೊ ಬಾರ್ಲಾ" ಅನ್ನುವವನು ಅವತ್ತು ಎದ್ದು ನಿಂತ.

"ಬನ್ನಿ ಸಾಮಿ, ಬನ್ನಿ. ನಮ್ದುಕೆ ಅಂಗಡಿಗೆ ಬಂದ್ರಾ? ನಿಮ್ದುಕೆ ಟೀ ತರಿಸ್ಲಾ?"

ತಮಾಷೆ ಅಂದುಕೊಂಡು ನಗಲು ಹೊರಟೆ. ಅವನ ಮುಖದಲ್ಲಿ ನಗುವಿರಲಿಲ್ಲ. ಆ ಬಾಯಿಂದ, ಮೇಷ್ಟ್ರು ಎಬ್ಬಿಸಿ ಪದ್ಯ ಓದಿಸುತ್ತಿದ್ದ ಆ ಬಾಯಿಂದ, ಅಂಥ ಕನ್ನಡ ನಾನು ಯಾವತ್ತೂ ಕೇಳಿರಲಿಲ್ಲ.

"ಏನೋ ಇದು?" ಅಂದೆ.

"ವಿಡಿಯೋ ನೋಡ್ದೆ. ಚೆನ್ನಾಗ್ ಮಾಡಿದ್ದೀರಿ. ನಿಮಗೆ ನಟನೆ ಬರುತ್ತೆ."

ನೀವು. ಒಂದೇ ಬೆಂಚಿನಲ್ಲಿ ಕೂತ ಮೇಲೆ ಇಷ್ಟು ವರ್ಷದಲ್ಲಿ ಅವನು ನನ್ನನ್ನು ನೀವು ಅಂದದ್ದು ಅದೇ ಮೊದಲು.

ನಾನು ತಪ್ಪನ್ನು ಕಿವಿಯ ಮೇಲೆ ಹಾಕಿದೆ. "ಲೋ, ನನ್ ಕಿವಿ ಗೊತ್ತಲ್ಲ ನಿಂಗೆ. ಮಗ್ಗದ ಕಿವಿ. ಅವ್ನೇನಂದ್ನೋ ಸರಿಯಾಗಿ ಕೇಳ್ಲಿಲ್ಲ. ಎಲ್ರೂ ನಕ್ರು, ನಾನೂ ನಕ್ಕೆ."

"ಕಿವಿ ಕೇಳದೋರು ಅಕ್ಷರ ತಪ್ಪದಂಗೆ ಅದೇ ಮಾತು ಹೆಂಗೆ ಆಡಿದ್ರಿ?"

ಅವನು ಬೇರೇನೂ ಬೈಯಲಿಲ್ಲ. ಗುಂಡಿ ಡಬ್ಬ ತೆರೆದು ಯಾರೋ ಹೆಂಗಸಿಗೆ ಬಣ್ಣ ಹೊಂದಿಸಲು ಶುರು ಮಾಡಿದ. ಅವಳು ಹೋದ ಮೇಲೆ, ನನ್ನ ಕಡೆ ನೋಡದೆ, ವಿಡಿಯೋ ಹೇಗೆ ಸಿಕ್ಕಿತು ಅಂತ ಹೇಳಿದ. ಬೆಂಗಳೂರಿನ ಕಾಲೇಜಿಗೆ ಹೋಗುವ ಅವನ ಮೊಮ್ಮಗಳಿಗೆ ಕ್ಲಾಸಿನವರು ಕಳಿಸಿದ್ದರಂತೆ, ನಿಮ್ಮೂರಿನ ತಾತ ನೋಡೇ ಅಂತ. ಅವತ್ತಿನಿಂದ ಆ ಹುಡುಗಿ ಬಾಗಿಲಲ್ಲಿ ಕಾಣಿಸಿದರೆ ಹಿಂದಿನ ಬೆಂಚಿನಿಂದ "ನಮ್ದುಕೆ" ಅಂತ ಒಂದು ದನಿ ಬರುತ್ತಿತ್ತಂತೆ. ಆ ಹುಡುಗಿ ನನ್ನನ್ನೂ ತಾತ ಅನ್ನುತ್ತಾಳೆ. ರಂಜಾನಿನಲ್ಲಿ ನಮ್ಮ ಮನೆಗೆ ಶೀರ್ ಖುರ್ಮಾ ತರುವುದು ಅವಳೇ.

ನನಗೆ ನನ್ನ ಮೇಲೆ ಹೇಸಿಗೆಯಾದದ್ದು ಆಗ. ಆ ಸಿನಿಮಾ ನೋಡಿ ಹೊಟ್ಟೆ ತೊಳೆಸಿತು ಅಂದೆನಲ್ಲ, ಅದರಲ್ಲಿ ಹೊಟ್ಟೆ ತೊಳೆಸಬೇಕಾಗಿದ್ದ ಒಂದು ಜಾಗದಲ್ಲಿ ಮಾತ್ರ ನಾನು ಹೊಟ್ಟೆ ಹಿಡಿದು ನಕ್ಕಿದ್ದೆ.

ಯೂಟ್ಯೂಬಿನವನನ್ನು ಹುಡುಕಿಕೊಂಡು ಹೋದೆ. ನೆಲಮಂಗಲದವನು, ಪ್ರತಿ ಶುಕ್ರವಾರ ನಮ್ಮ ಥಿಯೇಟರಿನ ಮುಂದೆ ಬರುತ್ತಾನೆ. ತೆಗೆದುಹಾಕಪ್ಪಾ ಅಂತ ಕೈ ಮುಗಿದೆ. "ಏನ್ ಗುರು ನೀವು, ಇಡೀ ಚಾನೆಲ್‌ನಲ್ಲಿ ಓಡ್ತಿರೋದೇ ಅದೊಂದು" ಅಂದು ನಕ್ಕು ನನ್ನ ಬೆನ್ನು ತಟ್ಟಿದ. ಆ ವಿಡಿಯೋ ಈಗಲೂ ಇದೆ.

ಆಮೇಲೂ ದಿನಾ ಅಂಗಡಿಗೆ ಹೋದೆ. ಹೋಗದಿದ್ದರೆ ಮುಗಿದೇಹೋಗುತ್ತದೆ ಎನ್ನುವ ಭಯ. ಅವನು ಬೇಡ ಅನ್ನಲಿಲ್ಲ. ಸ್ಟೂಲು ಇರುತ್ತಿತ್ತು, ಆದರೆ ನಾನೇ ಎಳೆದುಕೊಳ್ಳಬೇಕಾಗಿತ್ತು. "ಬಂದ್ರಾ." "ಹೊರಟ್ರಾ." ಅಷ್ಟೇ. ತಪ್ಪಾಯಿತು ಅಂತ ಎಷ್ಟೋ ಸಲ ಬಾಯಿಗೆ ಬಂತು. ಬಂದಾಗಲೆಲ್ಲ ಯಾರಾದರೂ ಫಾಲ್ಸು ಕೇಳಿಕೊಂಡು ಬಂದರು. ಕೊನೆಗೆ ಒಂದು ಮಧ್ಯಾಹ್ನ ಗಿರಾಕಿ ನಿಂತಿರುವಾಗಲೇ ಹೇಳಿಬಿಟ್ಟೆ.

"ತಪ್ಪಾಯ್ತು ಕಣೋ. ಬೇಕಾದ್ರೆ ಹೊಡಿ."

ಗಿರಾಕಿ ಹೆಂಗಸು ನನ್ನನ್ನೂ ಅವನನ್ನೂ ನೋಡಿದಳು. ಅವನು ಬಟ್ಟೆಯ ಚೂರನ್ನು ಅವಳ ಕೈಗೆ ಕೊಟ್ಟು, ಕನ್ನಡಕ ತೆಗೆದು ಒರೆಸಿದ.

"ಆ ಸಿನಿಮಾ ಇನ್ನೂ ಇದೆಯಾ?"

"ನಾಳೆಗೆ ತೆಗೀತಾರಂತೆ."

"ನಡೀರಿ ಹಂಗಾದ್ರೆ. ನಾನಿನ್ನೂ ನೋಡಿಲ್ಲ."

ಬೇಡ ಅಂದೆ. ಆ ಹೊಲಸು ಯಾಕೆ ನೋಡ್ತೀಯ ಅಂದೆ. "ಒಂದ್ಸಲ ನೋಡ್ಬೋದು ಅಂದಿದ್ರಲ್ಲ?" ಅಂದ. ಷಟರ್ ಅರ್ಧ ಎಳೆದ.

ಥಿಯೇಟರಿನಲ್ಲಿ ಒಂದು ಕೈ ಬೆರಳಲ್ಲಿ ಎಣಿಸುವಷ್ಟು ಜನ. ನಾವು ಯಾವಾಗಲೂ ಕೂರುವ ಕಡೆ, ಬಲಗಡೆ ಫ್ಯಾನಿನ ಕೆಳಗೆ ಕೂತೆವು. ವಿಗ್ಗು ಬಂತು, ಭಾಷಣ ಬಂತು, ನೆಲ ಮುಟ್ಟದ ಹೋರಿ ಬಂತು. ಮುಂದೆ ಬರುವುದು ನನಗೆ ಗೊತ್ತಿತ್ತು. ಗುಜರಿ ಅಂಗಡಿ ಬಂತು. ಲುಂಗಿ, ಕಾಡಿಗೆ, ಮಚ್ಚು. "ನಮ್ದುಕೆ ಭಯ ಆಗ್ತೈತೆ ಸಾಮಿ."

ಯಾರೂ ನಗಲಿಲ್ಲ. ನಗುವುದಕ್ಕೆ ಜನವೇ ಇರಲಿಲ್ಲ. ಆ ಮಾತು ಖಾಲಿ ಕುರ್ಚಿಗಳ ಮೇಲೆ ಬಿದ್ದು ಹಾಗೇ ಉಳಿಯಿತು. ಜನ ನಗಲಿ ಅಂತ ಆ ಮಾತಿನ ನಂತರ ನಿರ್ದೇಶಕರು ಒಂದಿಷ್ಟು ಜಾಗ ಬಿಟ್ಟಿದ್ದರು. ಆ ಜಾಗದಲ್ಲಿ ಫ್ಯಾನು ತಿರುಗುವ ಸದ್ದು ಮಾತ್ರ ಕೇಳಿಸಿತು. ನಾನು ಪಕ್ಕಕ್ಕೆ ನೋಡಲಿಲ್ಲ. ನೋಡಲಾಗಲಿಲ್ಲ.

ಇಂಟರ್ವಲ್‌ನಲ್ಲಿ ಹೊರಗೆ ಬಂದು ಟೀ ತೆಗೆದುಕೊಂಡೆವು. ಅವನು ಗೋಡೆಗೆ ಒರಗಿ ನಿಂತ. ಆಮೇಲೆ, ಹವಾಮಾನದ ವಿಷಯ ಹೇಳುವವನ ಹಾಗೆ, "ಆವತಿಯಲ್ಲೂ ಇದೇ ಮಾತಲ್ವಾ?" ಅಂದ.

"ಯಾವ ಮಾತು?"

"ಸಂತೆಯಲ್ಲಿ. ಬಳೆ ಮಾರೋನು."

ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಆ ದೊಡ್ಡ ಸಿನಿಮಾದಲ್ಲಿ, ಲಾಟೀನಿನ ದೃಶ್ಯಕ್ಕಿಂತ ಮುಂಚೆ, ಸಂತೆಗೆ ಬಳೆ ಮಾರುವ ಸಾಬರು ಬರುತ್ತಾರೆ. ಊರಿನವನೊಬ್ಬ ಅವರ ಟೋಪಿ ಕಿತ್ತು ಎಸೆಯುತ್ತಾನೆ. ಅವರು ಅದರ ಹಿಂದೆ ಓಡುತ್ತಾ, "ನಮ್ದುಕೆ ಟೋಪಿ ಕೊಡಿ, ನಮ್ದುಕೆ ಟೋಪಿ ಕೊಡಿ" ಅನ್ನುತ್ತಾರೆ. ಸಂತೆಯ ಜನ ನಗುತ್ತಾರೆ. ಆ ಜನವೇ ನಾವು. ಟವೆಲು ಸುತ್ತಿಕೊಂಡ ಆ ದೊಡ್ಡ ಮನುಷ್ಯ ಕೈ ತೋರಿಸಿದ್ದು ಆ ಮಾತಿಗೆ. ನಾನು ನಕ್ಕದ್ದು ಆ ಮಾತಿಗೆ.

"ಅವತ್ತು ನಮ್ ತಂದೆ ಟೋಪಿ ಹಾಕ್ಕೊಂಡು ಅಂಗಡೀಲಿ ಕೂತಿದ್ರು," ಅಂದ ಗೆಳೆಯ. "ಅದು ಕಣ್ಮುಂದೆ ಬಂತು. ನಗು ಬರ್ಲಿಲ್ಲ. ಅಷ್ಟೇಯ."

ಲೈಟ್ ಕಂಬ. ಇಷ್ಟು ವರ್ಷ, ಮದುವೆ ಮನೆಗಳಲ್ಲಿ, ಅವನ ಮಕ್ಕಳ ಎದುರಿಗೆ, ಅವನ ಹೆಂಡತಿಯ ಎದುರಿಗೆ ಕೂಡ, ನಿಂಗೆ ನಟನೆ ಬರಲ್ಲ ಅಂತ ನಾನು ನಗಾಡಿದ್ದೆ. ಬರಲ್ಲ ಕಣೋ ಅಂತ ಅವನು ಒಪ್ಪಿಕೊಂಡಿದ್ದ.

"ಅವತ್ತೇ ಯಾಕೋ ಹೇಳ್ಲಿಲ್ಲ?" ಅಂದೆ. ಕೇಳಿದ ಮೇಲೆ ನನ್ನ ಪ್ರಶ್ನೆಯೇ ನನಗೆ ಅಸಹ್ಯವಾಯಿತು. ನಾನು ಕೇಳಿಸಿಕೊಳ್ಳುತ್ತಿದ್ದೆನೇ?

ಅವನು ಟೀ ಲೋಟದ ತಳ ನೋಡಿದ. "ಅದ್ರಲ್ಲಿ ಮಿಕ್ಕಿದ್ದೆಲ್ಲ ಚೆನ್ನಾಗಿತ್ತಲ್ಲೋ. ಆ ಲಾಟೀನು. ಅದಕ್ಕೋಸ್ಕರ ಇದೊಂದು ನುಂಗ್ಕೊಂಡೆ. ಈಗ ಇದ್ರಲ್ಲಿ ಮಿಕ್ಕಿದ್ದು ಏನೈತೆ ಹೇಳು?"

ಅವನಿಗೆ ಗೊತ್ತಿಲ್ಲದೆಯೇ ಬಾಯಿಂದ ನೀವು ಹೋಗಿ ಹಳೆಯ ನೀನು ಬಂದಿತ್ತು. ನಾನು ಅದನ್ನು ಎತ್ತಿ ತೋರಿಸಲಿಲ್ಲ. ತೋರಿಸಿದರೆ ವಾಪಸ್ ತೆಗೆದುಕೊಂಡುಬಿಡುತ್ತಾನೆ ಅನ್ನಿಸಿತು. ನನ್ನಲ್ಲಿ ಮಿಕ್ಕಿದ್ದು ಏನಿದೆ ಅಂತ ಕೇಳುವ ಧೈರ್ಯವೂ ಇರಲಿಲ್ಲ.

ಬೆಲ್ಲು ಹೊಡೆಯಿತು. "ಹೋಗು, ನೋಡ್ಕೊಂಡ್ ಬಾ. ಪೂರ್ತಿ ನೋಡ್ಬೇಕಲ್ಲ ನಿಂಗೆ" ಅಂದ. ನಾನು ಒಳಗೆ ಹೋಗಲಿಲ್ಲ. ಆ ನಿರ್ದೇಶಕರ ಸಿನಿಮಾದಿಂದ ನಾವು ಅರ್ಧಕ್ಕೆ ಎದ್ದು ಬಂದದ್ದು ಅದೊಂದೇ ಸಲ. ಬಿಸಿಲಿನಲ್ಲಿ ಇಬ್ಬರೂ ನಿಧಾನಕ್ಕೆ ನಡೆದೆವು. ನನಗೆ ಮೊಣಕಾಲು, ಅವನಿಗೆ ಕಣ್ಣು. ರಸ್ತೆ ದಾಟುವಾಗ ನನ್ನ ತೋಳು ಹಿಡಿದುಕೊಂಡ. ಆ ಕಡೆ ಹೋದ ಮೇಲೆ ಬಿಟ್ಟ.

ಅಂಗಡಿಯ ಮುಂದೆ, "ಇನ್ಮೇಲೆ ಆ ಬೆನ್ನಿನ ಕಥೆ ಯಾರಿಗೂ ಹೇಳಲ್ಲ ಕಣೋ" ಅಂದೆ.

"ಹೇಳು," ಅಂದ ಅವನು, ಷಟರ್ ಎತ್ತುತ್ತಾ. "ಅರ್ಧ ಹೇಳ್ಬೇಡ, ಅಷ್ಟೇ."

ಮೊದಲು ಅವನ ಮೊಮ್ಮಗಳಿಗೆ ಹೇಳಿದೆ. ಪೂರ್ತಿ ಕೇಳಿ, "ಸರಿ ತಾತ" ಅಂದಳು. ಅಷ್ಟೇ ಅಂದಳು. ಈ ಸಲದ ರಂಜಾನಿನಲ್ಲಿ ಶೀರ್ ಖುರ್ಮಾ ಬಂತು, ತಂದದ್ದು ಅವಳ ತಮ್ಮ. ಆ ನಿರ್ದೇಶಕರಿಗೆ ಈಗ ಊರೂರಲ್ಲಿ ಸನ್ಮಾನ ನಡೆಯುತ್ತಿದೆ. ಪೇಟ ಕಟ್ಟಿಸಿಕೊಂಡು ಕೂತ ಅವರ ಚಿತ್ರ ಪತ್ರಿಕೆಯಲ್ಲಿ ನೋಡಿದರೆ ಪುಟ ಮಗುಚುತ್ತೇನೆ. ಲಾಟೀನು ಮಾತ್ರ ಬಿಡಲು ಆಗಿಲ್ಲ. ಮಗನ ಫೋನಿನಲ್ಲಿ ಆ ಹಳೆಯ ಸಿನಿಮಾ ಸಿಗುತ್ತದೆ, ಆಗಾಗ ಹಾಕಿಸಿಕೊಂಡು ನೋಡುತ್ತೇನೆ. ಆದರೆ ಲಾಟೀನಿಗೆ ಹೋಗಬೇಕಾದರೆ ಸಂತೆಯನ್ನು ದಾಟಿ ಹೋಗಬೇಕು. ಮಗ ಬೆರಳಲ್ಲಿ ಮುಂದಕ್ಕೆ ಓಡಿಸಲು ಬರುತ್ತಾನೆ, ನಾನು ಬೇಡ ಅನ್ನುತ್ತೇನೆ. ಟೋಪಿ ಹಾರುತ್ತದೆ, ಬಳೆಯ ಮುದುಕ ಓಡುತ್ತಾನೆ. ಎಡಗಡೆಯ ಬೆನ್ನು ಕುಣಿಯುತ್ತದೆ. ಬಲಗಡೆಯದು ನೆಟ್ಟಗೆ ನಿಂತಿರುತ್ತದೆ.